ನಿಮ್ಮ ಮಕ್ಕಳು ಯಾವ ಭಾಷೆಯಲ್ಲಿ ಜಗಳವಾಡುತ್ತಾರೆ?



ಬ್ಯಾಂಕಿನ ಚಲನ್ ಯಾವ ಭಾಷೆಯಲ್ಲಿದೆ, ಮೆಟ್ರೋ ಫಲಕ ಯಾವ ಭಾಷೆಯಲ್ಲಿದೆ, ಅಂಗಡಿ ಬೋರ್ಡಿನಲ್ಲಿ ಕನ್ನಡದ ಅಕ್ಷರ ಎಷ್ಟು ದಪ್ಪವಿದೆ ಎಂದು ಈ ಪುಟದಲ್ಲಿ ಕೇಳುತ್ತಲೇ ಬಂದಿದ್ದೇವೆ. ಇನ್ನು ಮುಂದೆಯೂ ಕೇಳುತ್ತೇವೆ, ಬಿಡುವುದಿಲ್ಲ. ಆದರೆ ಈ ಸಲ ಬೀದಿ ಬಿಟ್ಟು, ನಿಮ್ಮ ಹೊಸಿಲು ದಾಟಿ ಒಳಗೆ ಬಂದು ಒಂದು ಪ್ರಶ್ನೆ ಕೇಳಬೇಕಾಗಿದೆ. ಸಿಟ್ಟಾಗಬೇಡಿ. ನಿಮ್ಮ ಮನೆಯಲ್ಲಿ ಇಬ್ಬರು ಗಂಡುಮಕ್ಕಳಿದ್ದರೆ, ಅವರಿಬ್ಬರೂ ಟೀವಿ ರಿಮೋಟಿಗಾಗಿ ಕಿತ್ತಾಡುವಾಗ ಯಾವ ಭಾಷೆಯಲ್ಲಿ ಕಿತ್ತಾಡುತ್ತಾರೆ?

ಅಪ್ಪ ಅಮ್ಮನ ಜೊತೆ ಯಾವ ಭಾಷೆ ಆಡುತ್ತಾರೆಂದು ಕೇಳುತ್ತಿಲ್ಲ. ಅದಕ್ಕೆ ಎಲ್ಲರ ನಾಲಿಗೆ ತುದಿಯಲ್ಲೂ ಉತ್ತರ ಸಿದ್ಧವಾಗಿದೆ: ‘ನಮ್ಮನೇಲಿ ಕನ್ನಡಾನೇ ಸಾರ್!’ ನಾವು ಕೇಳುತ್ತಿರುವುದು ದೊಡ್ಡವರಾರೂ ಇಲ್ಲದ ಕೋಣೆಯಲ್ಲಿ ಅಣ್ಣ ತಮ್ಮ ಇಬ್ಬರೇ ಇದ್ದಾಗಿನ ಮಾತನ್ನು. ಬಾಗಿಲ ಸಂದಿಯಲ್ಲಿ ನಿಂತು ಒಂದು ಸಂಜೆ ಕೇಳಿಸಿಕೊಳ್ಳಿ. ಕನ್ನಡದ ನಾಳೆ ಏನಾಗುತ್ತದೆ ಎಂಬುದನ್ನು ಯಾವ ಸಮ್ಮೇಳನದ ಗೋಷ್ಠಿಯೂ ಹೇಳದಷ್ಟು ಸ್ಪಷ್ಟವಾಗಿ ಆ ಇಬ್ಬರು ಪೋರರು ಹೇಳುತ್ತಾರೆ.

ರಾಜಾಜಿನಗರವೋ ವಿಜಯನಗರವೋ, ಬೆಂಗಳೂರಿನ ಯಾವುದೋ ಬಡಾವಣೆಯ ಎರಡು ಕೋಣೆಯ ಬಾಡಿಗೆ ಮನೆ ಎಂದುಕೊಳ್ಳಿ. ಅಪ್ಪ ತಿಪಟೂರು ಕಡೆಯವರು, ಅಮ್ಮ ಹಾಸನದವರು. ಇಬ್ಬರೂ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ ನೌಕರಿ ಹಿಡಿದವರು. ದೊಡ್ಡ ಮಗನಿಗೆ ಎಂಟು ವರ್ಷ, ಚಿಕ್ಕವನಿಗೆ ಐದು. ಬೆಳಗ್ಗೆ ಆರೂವರೆಗೆ ಯುದ್ಧ ಶುರು. ಒಬ್ಬ ಏಳುವುದಿಲ್ಲ, ಇನ್ನೊಬ್ಬ ಬಚ್ಚಲಿಂದ ಹೊರಗೆ ಬರುವುದಿಲ್ಲ. ಒಂದು ಕಾಲುಚೀಲ ಸಿಕ್ಕರೆ ಇನ್ನೊಂದು ಇಲ್ಲ. ಉಪ್ಪಿಟ್ಟು ಕಂಡರೆ ಇಬ್ಬರೂ ಮುಖ ಸಿಂಡರಿಸುತ್ತಾರೆ. ಆ ಒಂದು ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರು ಒಗ್ಗಟ್ಟು. ಕೆಳಗೆ ಶಾಲೆಯ ವ್ಯಾನು ಹಾರನ್ ಹೊಡೆಯುತ್ತಿದೆ. ಈ ಗಲಾಟೆಯಲ್ಲಿ ಅಮ್ಮನ ಬಾಯಿಂದ ಬರುವ ಮಾತು ಕೇಳಿ: ‘ಫಾಸ್ಟ್ ಫಾಸ್ಟ್ ಈಟ್ ಮಾಡು, ಶೂ ವೇರ್ ಮಾಡ್ಕೊ, ಬ್ಯಾಗ್ ಕ್ಲೋಸ್ ಮಾಡು, ಬ್ರದರ್‌ಗೆ ವೆಯ್ಟ್ ಮಾಡು!’

ತಾಯಂದಿರೇ, ನಿಮ್ಮನ್ನು ಹಂಗಿಸುವುದಕ್ಕಲ್ಲ ಇದನ್ನು ಬರೆದದ್ದು. ಆ ಹೊತ್ತಿನಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತಿರುತ್ತದೆ, ಯಜಮಾನರು ಪೇಪರು ಹಿಡಿದು ಕೂತಿರುತ್ತಾರೆ, ಬೈಗುಳವೆಲ್ಲ ಒಬ್ಬಳ ಪಾಲಿಗೇ ಯಾಕೆ ಎಂದು ನೀವು ಕೇಳಿದರೆ ನ್ಯಾಯವೇ. ಶಾಲೆಯವರು ಮೀಟಿಂಗಿನಲ್ಲಿ ‘ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡಿಸಿ’ ಎಂದು ಅಪ್ಪಣೆ ಕೊಡಿಸಿದ್ದಾರೆ. ನೀವು ಮಕ್ಕಳ ಒಳ್ಳೆಯದಕ್ಕೆಂದೇ ಪಾಲಿಸುತ್ತಿದ್ದೀರಿ. ಆದರೆ ಆ ಮಾತಿನಲ್ಲಿ ಇಂಗ್ಲಿಷ್ ಎಷ್ಟಿದೆ ನೋಡಿ. ಆರೇಳು ಅಪ್ಪಣೆಯ ಪದ, ಅಷ್ಟೇ. ಇಷ್ಟರಿಂದ ಯಾವ ಮಗುವೂ ಇಂಗ್ಲಿಷ್ ಪಂಡಿತನಾಗುವುದಿಲ್ಲ. ಹೋಗುವುದು ಮಾತ್ರ ಕನ್ನಡದ ಕ್ರಿಯಾಪದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಸ್ಸು, ಪೆನ್ನು, ಶೂ, ಟಿಫಿನ್ನು ಎಂಬ ಹೆಸರು ಬಂದದ್ದರಿಂದ ಕನ್ನಡಕ್ಕೇನೂ ಆಗಿಲ್ಲ. ಕನ್ನಡ ಅವನ್ನೆಲ್ಲ ‘ಉ’ಕಾರ ಹಚ್ಚಿ ತನ್ನ ಮನೆಯವರನ್ನಾಗಿ ಮಾಡಿಕೊಂಡಿದೆ. ಕುರ್ಚಿ, ಮೇಜು, ಕಾಗದಗಳೂ ಹಾಗೆ ಹೊರಗಿಂದ ಬಂದವೇ. ಅಪಾಯ ಇರುವುದು ಕ್ರಿಯಾಪದ ಹೋದಾಗ. ಇಬ್ಬರು ಗಂಡುಹುಡುಗರ ಜಗಳಕ್ಕೆ ಕನ್ನಡದಲ್ಲಿ ಎಷ್ಟು ಮಾತಿದೆ ಲೆಕ್ಕ ಹಾಕಿ. ಒಬ್ಬ ಚಿವುಟುತ್ತಾನೆ, ಇನ್ನೊಬ್ಬ ಪರಚುತ್ತಾನೆ. ಗುದ್ದುತ್ತಾನೆ, ತಳ್ಳುತ್ತಾನೆ, ನೂಕುತ್ತಾನೆ, ಒದೆಯುತ್ತಾನೆ, ಮೊಟಕುತ್ತಾನೆ, ಜುಟ್ಟು ಹಿಡಿದು ಜಗ್ಗುತ್ತಾನೆ. ಆಟದ ಸಾಮಾನು ಕಸಿದುಕೊಳ್ಳುತ್ತಾನೆ, ಬಚ್ಚಿಡುತ್ತಾನೆ, ಅಣಕಿಸುತ್ತಾನೆ, ಕೆಣಕುತ್ತಾನೆ, ಗೋಳು ಹೊಯ್ದುಕೊಳ್ಳುತ್ತಾನೆ. ಆಮೇಲೆ ಠೂ ಬಿಡುತ್ತಾನೆ, ಮೂತಿ ಊದಿಸಿಕೊಳ್ಳುತ್ತಾನೆ, ಅಮ್ಮನಿಗೆ ಚಾಡಿ ಹೇಳುತ್ತಾನೆ, ಅಜ್ಜಿಯ ಸೆರಗಿನ ಹಿಂದೆ ಅವಿತುಕೊಳ್ಳುತ್ತಾನೆ. ಇಷ್ಟೂ ಬೇರೆ ಬೇರೆ ಕೆಲಸ. ಚಿವುಟಿದ್ದಕ್ಕೆ ಒಂದು ಶಿಕ್ಷೆ, ಒದ್ದದ್ದಕ್ಕೆ ಇನ್ನೊಂದು. ಈಗ ನಮ್ಮ ಐದು ವರ್ಷದವನು ಅಡುಗೆಮನೆಗೆ ಓಡಿ ಬಂದು ಹೇಳುವುದೇನು? ‘ಮಮ್ಮೀ, ಹೀ ಹಿಟ್ ಮಾಡ್ದ.’ ಚಿವುಟಿದರೂ ಹಿಟ್, ಗುದ್ದಿದರೂ ಹಿಟ್, ಮೊಟಕಿದರೂ ಹಿಟ್. ‘ಓಡಿದ’ ಹೋಗಿ ‘ರನ್ ಮಾಡ್ದ’, ‘ಬಿದ್ದ’ ಹೋಗಿ ‘ಫಾಲ್ ಆದ’. ಈ ಮಗುವಿನ ಕನ್ನಡದಲ್ಲಿ ಉಳಿದಿರುವ ಕ್ರಿಯಾಪದ ಎರಡೇ: ‘ಮಾಡು’, ‘ಆಗು’. ಇವೆರಡೂ ಬಿದ್ದುಹೋಗಲು ಎಷ್ಟು ದಿನ ಬೇಕು?

ದೊಡ್ಡವನ ಕಥೆ ಹೀಗಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ವಿಚಾರ. ಅವನು ಹುಟ್ಟಿದಾಗ ಮನೆಯಲ್ಲಿ ಬೇರೆ ಮಕ್ಕಳಿರಲಿಲ್ಲ. ಮೂರು ವರ್ಷ ಅಜ್ಜಿಯ ಮಡಿಲಲ್ಲೇ ಬೆಳೆದ. ಕಾಗಕ್ಕ ಗುಬ್ಬಕ್ಕನ ಕಥೆ ಕೇಳಿಯೇ ತುತ್ತು ನುಂಗಿದ. ಎಲ್‌ಕೆಜಿಗೆ ಹೋಗುವ ಹೊತ್ತಿಗೆ ಅವನ ಬಾಯಲ್ಲಿ ಇಡೀ ಕನ್ನಡ ಕೂತಾಗಿತ್ತು. ಶಾಲೆಯ ಇಂಗ್ಲಿಷ್ ಅದರ ಮೇಲೆ ಬಂದು ಸೇರಿತು, ಬುಡ ಅಲ್ಲಾಡಲಿಲ್ಲ. ಚಿಕ್ಕವನು ಹುಟ್ಟುವ ಹೊತ್ತಿಗೆ ಅಣ್ಣ ಬ್ಯಾಗು ಹೊತ್ತು ಶಾಲೆಗೆ ಹೊರಟಿದ್ದ. ಸಂಜೆ ಮನೆಗೆ ಬಂದವನು ಟೀಚರಮ್ಮನ ಆಟ ಆಡುತ್ತಿದ್ದ. ತಮ್ಮನೇ ಅವನ ತರಗತಿ. ಅಪ್ಪ ಅಮ್ಮ ಕೆಲಸ ಮುಗಿಸಿ ಟ್ರಾಫಿಕ್ಕಿನಲ್ಲಿ ಸಿಕ್ಕಿ ಮನೆ ಸೇರುವುದು ರಾತ್ರಿ ಎಂಟಕ್ಕೆ. ಮಗು ಮಾತು ಕಲಿಯುವುದು ತನ್ನ ಜೊತೆ ಹೆಚ್ಚು ಹೊತ್ತು ಇರುವವರಿಂದ, ಅದರಲ್ಲೂ ತಾನು ಯಾರಂತಾಗಬೇಕೆಂದು ಆಸೆಪಡುತ್ತದೋ ಅವರಿಂದ. ಐದು ವರ್ಷದ ತಮ್ಮನಿಗೆ ಎಂಟು ವರ್ಷದ ಅಣ್ಣನಿಗಿಂತ ದೊಡ್ಡ ಹೀರೋ ಯಾರಿದ್ದಾರೆ? ಹೀಗೆ ಶಾಲೆ ಒಬ್ಬನನ್ನು ಹಿಡಿಯಿತು, ಅವನ ಕೈಯಲ್ಲೇ ಎರಡನೆಯವನನ್ನೂ ಹಿಡಿಸಿತು. ಒಂದು ಫೀಸಿಗೆ ಇಬ್ಬರು!

ಅಮೆರಿಕದಲ್ಲೋ ದುಬೈಯಲ್ಲೋ ಇರುವ ನಮ್ಮವರನ್ನು ವಿಚಾರಿಸಿ ನೋಡಿ, ಇದೇ ಮಾತು ಹೇಳುತ್ತಾರೆ. ದೊಡ್ಡ ಮಗುವಿಗೆ ಕನ್ನಡ ಬರುತ್ತದೆ, ಎರಡನೆಯದಕ್ಕೆ ಅರ್ಥವಾಗುತ್ತದೆ, ಮಾತಾಡುವುದಿಲ್ಲ. ಅಲ್ಲಿ ಅದು ಪರದೇಶ, ರಜಾ ದಿನ ಕಾರು ಓಡಿಸಿಕೊಂಡು ಹೋಗಿ ಮಕ್ಕಳನ್ನು ಕನ್ನಡ ತರಗತಿಯಲ್ಲಿ ಕೂರಿಸುತ್ತಾರೆ. ಇಲ್ಲಿ, ಕೆಂಪೇಗೌಡ ಕಟ್ಟಿದ ಊರಿನಲ್ಲಿ, ಅದೇ ಆಗುತ್ತಿದ್ದರೆ ಏನೆನ್ನಬೇಕು?

ಇದರ ಬಿಸಿ ಮೊದಲು ತಟ್ಟುವುದು ಅಜ್ಜಿಗೆ. ದೊಡ್ಡ ಮೊಮ್ಮಗನ ಜೊತೆ ಆಕೆಗೆ ನೂರು ಮಾತು. ಚಿಕ್ಕವನ ಜೊತೆ ‘ಉಣ್ತೀಯಾ, ಮಲಗ್ತೀಯಾ’ ಬಿಟ್ಟರೆ ಮೂರನೆಯ ಮಾತಿಲ್ಲ. ಆತ ‘ನೋ ಅಜ್ಜಿ’ ಎಂದು ಮೊಬೈಲಿಗೆ ಮುಖ ತಿರುಗಿಸುತ್ತಾನೆ. ಅವನಿಗೆ ಪ್ರೀತಿ ಇಲ್ಲವೆಂದಲ್ಲ, ಮಾತಿಲ್ಲ. ದೊಡ್ಡವನನ್ನು ದುಭಾಷಿಯಾಗಿ ನಡುವೆ ಕೂರಿಸಿಕೊಂಡು ಸ್ವಂತ ಮೊಮ್ಮಗನ ಜೊತೆ ಮಾತಾಡಬೇಕಾದ ಗತಿ ಹಾಸನ ಜಿಲ್ಲೆಯ ಮುದುಕಿಗೆ ಬೆಂಗಳೂರಿನಲ್ಲಿ ಬಂದಿದೆ. ಇದಕ್ಕೆ ಯಾವ ಕೇಂದ್ರ ಸರ್ಕಾರವನ್ನು ದೂರೋಣ?

ಇನ್ನೊಂದು ಸಣ್ಣ ವಿಷಯ, ಸಣ್ಣದೆಂದು ತಳ್ಳಿಹಾಕಬೇಡಿ. ತಮ್ಮ ಅಣ್ಣನನ್ನು ಏನೆಂದು ಕರೆಯುತ್ತಾನೆ? ಹೆಸರು ಹಿಡಿದು ಕರೆಯುತ್ತಾನೆ. ಇಲ್ಲವೇ ‘ಬ್ರೋ’ ಎನ್ನುತ್ತಾನೆ. ಬಸವಣ್ಣನ ನಾಡಿನಲ್ಲಿ, ಗೋಕಾಕ್ ಚಳವಳಿಯ ಮುಂದೆ ನಿಂತ ರಾಜಕುಮಾರರನ್ನು ಕೋಟಿ ಜನ ‘ಅಣ್ಣಾವ್ರು’ ಎಂದು ಕರೆದ ನಾಡಿನಲ್ಲಿ, ಒಡಹುಟ್ಟಿದ ಅಣ್ಣ ‘ಬ್ರೋ’ ಆಗಿದ್ದಾನೆ! ಆ ಮಾತಿನಲ್ಲಿ ದೊಡ್ಡವನಾರು ಚಿಕ್ಕವನಾರು ಎಂಬುದೇ ಇಲ್ಲ. ‘ಅಣ್ಣ’ ಎಂದು ಕರೆಸಿಕೊಂಡವನಿಗೆ ಕೊನೆಯ ಚಕ್ಕುಲಿ ತಮ್ಮನಿಗೆ ಬಿಟ್ಟುಕೊಡುವ ಒಂದು ಭಾರವಿರುತ್ತದೆ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲರೂ ‘ಅಂಕಲ್’ ಎಂಬ ಒಂದೇ ಚೀಲಕ್ಕೆ ಬಿದ್ದು ಬಹಳ ಕಾಲವಾಯಿತು. ಉಳಿದಿದ್ದ ಅಣ್ಣನೂ ಹೋದ. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ಗಾದೆಯಾದರೂ ಮೊದಲರ್ಧದಲ್ಲಿ ಅಣ್ಣತಮ್ಮಂದಿರೆಂದು ಒಪ್ಪುತ್ತದೆ.

ಈಗ ಕಾನೂನಿನ ಮಾತಿಗೆ ಬರೋಣ. ‘ಸರ್ಕಾರ ಏನು ಮಾಡುತ್ತಿದೆ’ ಎಂದು ಕೇಳುವವರು ಇದ್ದೇ ಇರುತ್ತಾರೆ. ೧೯೮೧ರಲ್ಲಿ ಗೋಕಾಕ್ ವರದಿ ಬಂತು, ೧೯೮೨ರಲ್ಲಿ ನಾಡೇ ಬೀದಿಗಿಳಿಯಿತು. ಶಾಲೆಯಲ್ಲಿ ಕನ್ನಡಕ್ಕೆ ಸ್ಥಾನ ಕೇಳಿದೆವು. ೧೯೯೪ರಲ್ಲಿ ಒಂದರಿಂದ ನಾಲ್ಕನೆಯ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂದು ಸರ್ಕಾರ ಆದೇಶ ಮಾಡಿತು. ಖಾಸಗಿ ಶಾಲೆಗಳವರು ಕೋರ್ಟಿಗೆ ಹೋದರು. ೨೦೦೮ರಲ್ಲಿ ಹೈಕೋರ್ಟಿನಲ್ಲಿ, ೨೦೧೪ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಲ್ಲಿ ನಾವು ಸೋತೆವು. ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ತಂದೆತಾಯಿ, ಸರ್ಕಾರ ಮಾಧ್ಯಮವನ್ನು ಹೇರುವಂತಿಲ್ಲ ಎಂದಾಯಿತು. ೨೦೧೫ರ ಕನ್ನಡ ಕಲಿಕೆ ಕಾಯ್ದೆ ಕನ್ನಡವನ್ನು ಒಂದು ವಿಷಯವಾಗಿ ಎಲ್ಲ ಶಾಲೆಗಳಿಗೂ ತಂದಿತು, ಸರಿ. ಆದರೆ ವಾರಕ್ಕೆ ನಾಲ್ಕಾರು ಪೀರಿಯಡ್ಡಿನ ವಿಷಯ ಬೇರೆ, ಉಸಿರಾಡುವ ಭಾಷೆ ಬೇರೆ. ೨೦೧೯ರಲ್ಲಂತೂ ಸರ್ಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆದು ಕೈ ತೊಳೆದುಕೊಂಡಿತು. ಮಾಧ್ಯಮದ ಹೋರಾಟವನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಇವತ್ತಿನ ಮಟ್ಟಿಗೆ ತೀರ್ಪಿನ ಅರ್ಥ ಇಷ್ಟು: ಆಯ್ಕೆಯನ್ನು ನಿಮ್ಮ ಅಡುಗೆಮನೆಯಲ್ಲಿ ತಂದಿಟ್ಟಿದ್ದಾರೆ. ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಮಕ್ಕಳು ಶಾಲೆಯವರ ವಶ. ನಾಲ್ಕರಿಂದ ರಾತ್ರಿ ಒಂಬತ್ತರವರೆಗಿನ ಐದು ಗಂಟೆಗೆ ಯಾವ ಆಡಳಿತ ಮಂಡಳಿಯೂ ತಡೆಯಾಜ್ಞೆ ತರಲಾರದು.

‘ಹಾಗಾದರೆ ಇಂಗ್ಲಿಷ್ ಬೇಡವೇ? ನಿಮ್ಮ ಮಾತು ಕೇಳಿ ನಮ್ಮ ಮಕ್ಕಳು ಹಿಂದೆ ಬೀಳಬೇಕೇ?’ ಎಂದು ಕೇಳುತ್ತೀರಿ. ಯಾರು ಬೇಡವೆಂದರು? ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಬೆಂಗಳೂರಿನ ಎಷ್ಟೋ ತೆಲುಗು, ತಮಿಳು, ಉರ್ದು ಮನೆಗಳನ್ನು ನೋಡಿ. ಮೂರು ನಾಲ್ಕು ತಲೆಮಾರಿನಿಂದ ಇಲ್ಲಿದ್ದಾರೆ. ಒಳಗೆ ತಮ್ಮ ಮಾತು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಮಂಗಳೂರಿನ ತುಳು ಮನೆ, ಕೊಡಗಿನ ಕೊಡವ ಮನೆಗಳೂ ಹಾಗೆಯೇ. ಮೂರೂ ಮಾತು ಮಕ್ಕಳ ನಾಲಿಗೆಯ ಮೇಲೆ ನೆಮ್ಮದಿಯಾಗಿ ಬಾಳುತ್ತವೆ. ಮನೆಯಲ್ಲಿ ಮರಾಠಿ ಆಡುತ್ತಿದ್ದ ಬೇಂದ್ರೆ, ತಮಿಳು ಆಡುತ್ತಿದ್ದ ಮಾಸ್ತಿ ಕನ್ನಡಕ್ಕೆ ಜ್ಞಾನಪೀಠ ತಂದರು. ಮನೆಯ ಮಾತು ಗಟ್ಟಿಯಾಗಿದ್ದ ಮಗು ಎರಡನೆಯದನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ತನ್ನ ಮನೆಯೊಳಗೇ ತನ್ನ ಮಾತಿಗೆ ನಾಚುವ ಖಾಯಿಲೆ ಅಂಟಿರುವುದು ಹೆಚ್ಚಾಗಿ ನಮ್ಮ ಕನ್ನಡದ ಮನೆಗಳಿಗೇ. ಇದು ಯಾರೋ ಹೊರಗಿನವರು ಹೂಡಿದ ಹುನ್ನಾರವಲ್ಲ.

ಇನ್ನು ಟೀವಿ. ಡಬ್ಬಿಂಗ್ ಬೇಕೋ ಬೇಡವೋ ಎಂದು ಚಿತ್ರರಂಗದ ದೊಡ್ಡವರು ದಶಕಗಟ್ಟಲೆ ಕಿತ್ತಾಡಿದರು. ಅಷ್ಟರಲ್ಲಿ ಮನೆಯ ಮಕ್ಕಳು ಹಿಂದಿ ಕಾರ್ಟೂನು ನೋಡಿ ಹಿಂದಿಯನ್ನೇ ಕಲಿತರು. ೨೦೦೯ರಲ್ಲಿ ಚಿಂಟು ಟೀವಿ ಬಂದ ಮೇಲೆ ಕಾರ್ಟೂನುಗಳೂ ಕನ್ನಡ ಮಾತಾಡಿದವು. ಮಕ್ಕಳಿಗೆ ಭಾಷೆಯ ಹಟವಿಲ್ಲ, ಬೆಕ್ಕು ಇಲಿ ಓಡಿದರಾಯಿತು. ಈಗ ರಿಮೋಟೂ ಹಳತಾಗಿ ಮೊಬೈಲು ಬಂದಿದೆ, ಅದರಲ್ಲಿ ಯಾವ ಭಾಷೆಯ ಗುಂಡಿ ಒತ್ತಿ ಮಗುವಿನ ಕೈಗೆ ಕೊಡುತ್ತೀರಿ ಎಂಬುದು ನಿಮ್ಮ ಬೆರಳಿಗೇ ಬಿಟ್ಟದ್ದು.

ನಮ್ಮ ಸಂಘಟನೆಗಳ ಗೆಳೆಯರಿಗೂ ಎರಡು ಮಾತು. ನವೆಂಬರ್ ಒಂದರಂದು ಅರಿಶಿನ ಕುಂಕುಮ ಬಣ್ಣದ ಶಾಲು ಹೊದ್ದು ಗಂಟಲು ಹರಿಯುವಂತೆ ಘೋಷಣೆ ಕೂಗಿ, ಧ್ವಜದ ಕೆಳಗೆ ಫೋಟೋ ಹಿಡಿಸಿಕೊಂಡು, ಪಕ್ಕದಲ್ಲಿ ನಿಂತ ಮಗನಿಗೆ ‘ಕಮ್ ಹಿಯರ್, ಸ್ಟ್ಯಾಂಡ್ ಸ್ಟ್ರೈಟ್’ ಎನ್ನುವ ಮುಖಂಡರಿದ್ದಾರೆ. ಹೆಸರು ಹೇಳುವುದಿಲ್ಲ, ಓದುವಾಗ ಅವರಿಗೇ ತಿಳಿಯುತ್ತದೆ. ಅಂಗಡಿಯವನ ಬೋರ್ಡಿಗೆ ಮಸಿ ಬಳಿಯಲು ಒಂದು ಮಧ್ಯಾಹ್ನ ಸಾಕು. ಇಬ್ಬರು ಹುಡುಗರಿಗೆ ಲಗೋರಿ ಕಲಿಸಲು ಇಡೀ ಬೇಸಿಗೆ ಬೇಕು. ಬೆಂಗಳೂರಿನ ಬೇಸಿಗೆ ಶಿಬಿರಗಳಿಗೆ ಹೋಗಿ ನೋಡಿ, ಕುಂಬಾರಿಕೆಯನ್ನೂ ಜಾನಪದ ಕುಣಿತವನ್ನೂ ಇಂಗ್ಲಿಷಿನಲ್ಲಿ ಕಲಿಸುತ್ತಾರೆ, ಸಾವಿರಾರು ರೂಪಾಯಿ ಕಿತ್ತು! ಪ್ರತಿ ಬಡಾವಣೆಯ ಶಾಖೆ ಸಂಜೆ ಐದಕ್ಕೆ ಪಾರ್ಕಿನಲ್ಲಿ ಹತ್ತು ಮಕ್ಕಳನ್ನು ಸೇರಿಸಿ ಲಗೋರಿ, ಚಿನ್ನಿದಾಂಡು, ಕಣ್ಣಾಮುಚ್ಚಾಲೆ ಆಡಿಸಲಿ. ಖರ್ಚೇನಿಲ್ಲ, ಏಳು ಚಪ್ಪಟೆ ಕಲ್ಲು, ಒಂದು ಚೆಂಡು. ಆಟದಲ್ಲಿ ಔಟೋ ಅಲ್ಲವೋ ಎಂದು ಕಿರುಚಾಡುವ ಭಾಷೆ ಮಕ್ಕಳಿಗೆ ಜನ್ಮಕ್ಕೆ ಹತ್ತುತ್ತದೆ.

ಮನೆಯಲ್ಲೂ ಹಾಗೆ. ಕನ್ನಡ ಮಾತಾಡದಿದ್ದರೆ ಹೊಡೆಯುತ್ತೇನೆ, ಮೊಬೈಲು ಕೊಡುವುದಿಲ್ಲ ಎಂದು ಹೆದರಿಸಲು ಹೋಗಬೇಡಿ. ಕನ್ನಡಕ್ಕೆ ದಂಡ ಹಾಕುವ ಶಾಲೆಗೂ ಇಂಗ್ಲಿಷಿಗೆ ದಂಡ ಹಾಕುವ ಅಪ್ಪನಿಗೂ ಮಗುವಿನ ಕಣ್ಣಲ್ಲಿ ವ್ಯತ್ಯಾಸವಿಲ್ಲ. ಕೀಲಿಕೈ ಇರುವುದು ದೊಡ್ಡವನ ಹತ್ತಿರ. ಅವನನ್ನು ಹಿಡಿಯಿರಿ. ರಾಜರತ್ನಂ ಅವರ ‘ತುತ್ತೂರಿ’ ತಂದು ಅವನ ಕೈಗೆ ಕೊಟ್ಟು, ‘ತಮ್ಮನಿಗೆ ಇದನ್ನು ಹೇಳಿಕೊಡೋದು ನಿನ್ನ ಜವಾಬ್ದಾರಿ ಕಣೋ’ ಎನ್ನಿ. ಟೀಚರ ಆಟ ಹೇಗೂ ಆಡುತ್ತಾನಲ್ಲ, ಕನ್ನಡ ಟೀಚರನೇ ಆಗಲಿ. ಅಣ್ಣನ ಬಾಯಿಂದ ಬಂದದ್ದು ತಮ್ಮನಿಗೆ ವೇದವಾಕ್ಯ.

೨೦೨೦ರ ಲಾಕ್‌ಡೌನಿನಲ್ಲಿ ಶಾಲೆ ಮುಚ್ಚಿ, ಎಷ್ಟೋ ಮನೆಗಳವರು ಮಕ್ಕಳನ್ನು ಕಟ್ಟಿಕೊಂಡು ಊರು ಸೇರಿದ್ದು ನೆನಪಿರಬೇಕು. ಆ ಸಂಕಟದ ಕಾಲದಲ್ಲೂ ನಮ್ಮ ಕಾರ್ಯಕರ್ತರ ಮನೆಗಳಲ್ಲಿ ಒಂದು ಸಂಗತಿ ಕಂಡೆವು. ನಾಲ್ಕು ತಿಂಗಳು ತೋಟ, ಕೊಟ್ಟಿಗೆ, ಓರಗೆಯ ಹುಡುಗರ ಜೊತೆ ಬಿದ್ದೆದ್ದ ಚಿಕ್ಕ ಮಕ್ಕಳು ಬೆಂಗಳೂರಿಗೆ ಮರಳಿದಾಗ ‘ಫಾಲ್ ಆದ’ ಹೋಗಿ ‘ಬಿದ್‌ಬಿಟ್ಟ’ ಬಂದಿತ್ತು. ಮತ್ತೆ ಶಾಲೆ ತೆರೆಯಿತು, ಮತ್ತೆ ವ್ಯಾನು ಹಾರನ್ ಹೊಡೆಯಿತು, ಅದು ಬೇರೆ ಮಾತು.

ಆದ್ದರಿಂದ ಈ ಏಪ್ರಿಲ್-ಮೇ ರಜೆಗೆ ಮಕ್ಕಳನ್ನು ಊರಿಗೆ ಕಳಿಸಿ. ‘ದೊಡ್ಡವನು ಹೋಗಲಿ, ಚಿಕ್ಕವನು ಇನ್ನೂ ಚಿಕ್ಕವನು, ಅಲ್ಲಿ ಅಡ್ಜಸ್ಟ್ ಆಗಲ್ಲ’ ಎನ್ನುತ್ತೀರಿ. ಅಲ್ಲ, ಹೋಗಬೇಕಾದವನೇ ಅವನು. ಇಬ್ಬರನ್ನೂ ಒಟ್ಟಿಗೆ ಕಳಿಸಿ, ಮೊಬೈಲನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಮೊದಲ ನಾಲ್ಕು ದಿನ ಚಿಕ್ಕವನು ಅಳುತ್ತಾನೆ. ಅಳಲಿ ಬಿಡಿ, ಸಮಾಧಾನ ಮಾಡಲು ಅಲ್ಲಿ ಅಜ್ಜಿ ಇದ್ದಾರೆ.