ಹತ್ತನೆಯ ತಾರೀಖು ಎಲ್ಲಿ ಹೋಯಿತು?

2021ರ ಜನವರಿ 9ರ ರಾತ್ರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವನ್ನು ನಾಲ್ವರು ಮಹಿಳೆಯರು ಉತ್ತರ ಧ್ರುವದ ಹಾದಿಯಲ್ಲಿ ನಡೆಸಿ, 11ರ ನಸುಕಿನಲ್ಲಿ ಬೆಂಗಳೂರಿಗೆ ತಂದಿಳಿಸಿದರು. ಅಂತರ ಸುಮಾರು 14,000 ಕಿಲೋಮೀಟರು. ಹಿಡಿದ ಕಾಲ ಸುಮಾರು 17 ಗಂಟೆ. ಹಾಗಾದರೆ ನಡುವಿನ 10ನೆಯ ತಾರೀಖು ಎಲ್ಲಿ ಹೋಯಿತು?

ಎಲ್ಲಿಯೂ ಹೋಗಲಿಲ್ಲ. ಚಳಿಗಾಲದಲ್ಲಿ ಆ ಊರಿನ ಗಡಿಯಾರವು ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ 9ರ ರಾತ್ರಿಯಾಗಿದ್ದಾಗ ಇಲ್ಲಿ 10ರ ಬೆಳಗಾಗಿತ್ತು.

ಇದು ಬರಿಯ ಲೆಕ್ಕದ ವಿನೋದವಲ್ಲ. ಲಕ್ಷ್ಮೇಶ್ವರ, ಮುಂಡರಗಿಗಳ ಮಕ್ಕಳೂ ಕಡಲಾಚೆಗೆ ಹೋಗುವ ಕಾಲವಿದು. ಚಳಿಗಾಲದ ಒಂದು ಮಧ್ಯಾಹ್ನ ಎರಡಕ್ಕೆ ಮಗಳು ಬೆಂಗಳೂರಿನಿಂದ ಹೊರಟು, ಎಲ್ಲಿಯೂ ಇಳಿಯದೆ ಹದಿನಾರು ಗಂಟೆ ಹಾರಿ ಆ ಊರನ್ನು ಸೇರುವಳೆನ್ನೋಣ. ಟಿಕೆಟ್ಟಿನಲ್ಲಿ ಅದೇ ದಿನ ಸಂಜೆ ನಾಲ್ಕೂವರೆ ಎಂದಿರುತ್ತದೆ. ಅದು ಆಯಾ ಊರಿನ ವೇಳೆಯನ್ನೇ ಹೇಳುವುದಷ್ಟೆ! ಇದನ್ನರಿಯದ ತಾಯಿ ಐದು ಗಂಟೆಗೇ ಫೋನಿನ ಮುಂದೆ ಕುಳಿತರೆ ರಾತ್ರಿಯೆಲ್ಲ ಕಣ್ಣಿಗೆ ನಿದ್ರೆಯಿಲ್ಲ. ಮಗಳು ಇಳಿಯುವುದು ನಮ್ಮ ಮರುದಿನದ ಬೆಳಗಿನ ಆರಕ್ಕೆ.

ಗದಗಿನಿಂದ ಬೆಂಗಳೂರಿನ ರೈಲಿಗೆ ಒಂದು ರಾತ್ರಿ ಬೇಕೆಂಬುದನ್ನು ಬಲ್ಲವರು ನಡುರಾತ್ರಿಯಲ್ಲಿ ಕ್ಷೇಮಸಮಾಚಾರಕ್ಕೆ ಕಾಯುವುದಿಲ್ಲ. ವಿಮಾನಕ್ಕೂ ಅದೇ ನೀತಿ. ಹೊರಟ ವೇಳೆಗೆ ಹಾರಾಟದ ಗಂಟೆಗಳನ್ನು ಕೂಡಿಸಿರಿ. ನಡುವೆ ವಿಮಾನ ಬದಲಿಸುವುದಿದ್ದರೆ ಆ ಕಾಯುವಿಕೆಯನ್ನೂ ಸೇರಿಸಿರಿ. ಬಂದ ವೇಳೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು, ಉಂಡು ನೆಮ್ಮದಿಯಿಂದ ಮಲಗಿರಿ.