ಪದವಿನ ರೇಂಜ್ ತೋಟಕ್ಕೂ ಇಳಿಯಲಿ

ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವ ದಿನ ನಮ್ಮ ಅನೇಕ ಕೃಷಿಕರ ಜೇಬಿನಲ್ಲಿರುವುದು ಕೀಪ್ಯಾಡಿನ ಸಣ್ಣ ಮೊಬೈಲು. ಸುಣ್ಣ, ಮೈಲುತುತ್ತು ತಾಗಿದ ಕೈಯಲ್ಲಿಯೂ ಅದರ ಗುಂಡಿ ಒತ್ತಬಹುದು. ಒಮ್ಮೆ ಚಾರ್ಜು ಮಾಡಿದರೆ, ಕರೆಂಟು ಹೋದರೂ ಎರಡು ಮೂರು ದಿನ ನಡೆಯುತ್ತದೆ. ಆದುದರಿಂದ ಇದನ್ನು ಬಡವರ ಫೋನೆಂದು ಕಡೆಗಣಿಸುವುದು ಸರಿಯಲ್ಲ. ಇದು ಕೆಲಸದ ಸಲಕರಣೆ.

ಈ ಸಲಕರಣೆಯ ಆಯುಷ್ಯವು ನಮ್ಮ ಕೈಯಲ್ಲಿಲ್ಲ ಎಂಬುದನ್ನು ರೈತ ಬಾಂಧವರು ಗಮನಿಸಬೇಕು. ಹಳೆಯ ಕೀಪ್ಯಾಡ್ ಮೊಬೈಲುಗಳಲ್ಲಿ ಹೆಚ್ಚಿನವು 2ಜಿ, ಅಂದರೆ ಎರಡನೆಯ ತಲೆಮಾರಿನ ನೆಟ್‌ವರ್ಕಿನಲ್ಲಿ ಮಾತ್ರ ಮಾತನಾಡಬಲ್ಲವು. ಆ ನೆಟ್‌ವರ್ಕನ್ನು ಮುಚ್ಚಿದರೆ, ಫೋನು ಕೆಡದೆ ಇದ್ದರೂ ಮೂಕವಾಗುತ್ತದೆ.

ಇದು ಬರಿಯ ಊಹೆಯಲ್ಲ. ರಿಲಯನ್ಸ್ ಕಮ್ಯೂನಿಕೇಶನ್ಸ್ 2017ರ ಡಿಸೆಂಬರಿನಲ್ಲಿ ತನ್ನ ಧ್ವನಿ ಕರೆಗಳನ್ನು ನಿಲ್ಲಿಸಿತು. ಏರ್‌ಟೆಲ್ 2019-20ರಲ್ಲಿ 3ಜಿಯನ್ನು ಮುಚ್ಚಿದರೂ 2ಜಿಯನ್ನು ಉಳಿಸಿಕೊಂಡದ್ದರಿಂದ ಕೀಪ್ಯಾಡಿನವರಿಗೆ ತೊಂದರೆ ತಟ್ಟಲಿಲ್ಲ. 2016ರಲ್ಲಿ ಆರಂಭವಾದ ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. ದೇಶದಲ್ಲಿ 2ಜಿ, 3ಜಿಗಳನ್ನು ಪೂರ್ತಿಯಾಗಿ ಮುಚ್ಚಲು ಸರಕಾರ ಒಂದು ನೀತಿ ರೂಪಿಸಬೇಕೆಂದು ಆ ಕಂಪನಿಯು 2024ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ, ಅಂದರೆ ಟ್ರಾಯ್‌ಗೆ, ತಿಳಿಸಿದೆ.

ಕಂಪನಿಗಳ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ರೇಡಿಯೋ ಅಲೆಗಳು ಗದ್ದೆಯ ಹಾಗೆ, ಅವುಗಳ ವಿಸ್ತಾರಕ್ಕೆ ಮಿತಿಯುಂಟು. ಅದೇ ಗದ್ದೆಯಲ್ಲಿ 4ಜಿ ಬೆಳೆದರೆ ಹೆಚ್ಚು ಫಸಲು ಬರುವುದು ನಿಜ. ಆದರೆ ಹೊಸ ಬೆಳೆ ಕೈಗೆ ಬರುವ ಮೊದಲೇ ಹಳೆಯ ಬೆಳೆಯನ್ನು ಕಿತ್ತರೆ ಮನೆಯವರು ಉಣ್ಣುವುದೇನನ್ನು?

ವಾಮದಪದವಿನಂಥ ಊರುಗಳಲ್ಲಿ ಈ ಪ್ರಶ್ನೆ ಇನ್ನಷ್ಟು ತೀವ್ರವಾಗಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಮಗೆ ಪದವು ಎಂದರೆ ಎತ್ತರದ ಬಯಲು. ಅಲ್ಲಿ ರಸ್ತೆ, ಅಂಗಡಿ. ಅಲ್ಲಿ ರೇಂಜ್ ಕೂಡ ಉಂಟು. ತೋಟ ಮತ್ತು ಪಂಪು ಇರುವುದು ಗುಡ್ಡದ ಬುಡದ ತಗ್ಗಿನಲ್ಲಿ. 2ಜಿಗೆ ಬಳಸುವ ಅಲೆಗಳಲ್ಲಿ ಒಂದಾದ 900 ಮೆಗಾಹರ್ಟ್ಸ್ ಅಲೆಯು, 4ಜಿಗೆ ಬಳಸುವ 2300 ಮೆಗಾಹರ್ಟ್ಸ್ ಅಲೆಗಿಂತ ದೂರ ಸಾಗುತ್ತದೆ. ಮರಗಿಡಗಳ ನಡುವೆಯೂ ಅದು ಹೆಚ್ಚು ಉಳಿಯುತ್ತದೆ. ಆದುದರಿಂದ ಪೇಟೆಯಲ್ಲಿ ನಿಂತು 4ಜಿ ಬಂದಿದೆ ಎಂದರೆ ಸಾಲದು. ಮರ ಹತ್ತಿದವನು ಜಾರಿ ಬಿದ್ದಾಗ, ಹುಲ್ಲು ಕೊಯ್ಯುವಾಗ ಹಾವು ಕಚ್ಚಿದಾಗ, ತಂತಿ ಕಡಿದು ಬಿದ್ದಾಗ ಕರೆ ಹೋಗಬೇಕಾದದ್ದು ತೋಟದಿಂದ.

ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬಂದಿಲ್ಲ. ಪಂಪಿನ ಮೊಬೈಲ್ ಸ್ಟಾರ್ಟರಿನೊಳಗೂ ಒಂದು ಸಿಮ್ ಇದೆ. ಹಳೆಯ ಸ್ಟಾರ್ಟರುಗಳು ಬಹುಪಾಲು 2ಜಿಯವು. ನೆಟ್‌ವರ್ಕ್ ನಿಂತರೆ ಪಂಪು ಚಾಲೂ ಮಾಡಲು ಮತ್ತೆ ರಾತ್ರಿ ಟಾರ್ಚು ಹಿಡಿದು ಇಳಿಯಬೇಕಾದೀತು.

ಆಸ್ಟ್ರೇಲಿಯದ ಅನುಭವ ಇಲ್ಲಿ ಪಾಠವಾಗಬೇಕು. ಅಲ್ಲಿ 3ಜಿಯನ್ನು ಮುಚ್ಚುವ ದಿನವನ್ನು ಮುಂದೂಡಿ, ಕೊನೆಗೆ 2024ರ ಅಕ್ಟೋಬರ್ 28ರಂದು ಮುಚ್ಚಲು ತೊಡಗಿದರು. ಕೆಲವು 4ಜಿ ಫೋನುಗಳು ಸಹ ತುರ್ತು ಕರೆಯನ್ನು ಹಳೆಯ ನೆಟ್‌ವರ್ಕಿನಲ್ಲಿಯೇ ಮಾಡುತ್ತಿದ್ದವೆಂಬುದು ಕಂಡುಬಂದದ್ದೇ ಇದಕ್ಕೆ ಮುಖ್ಯ ಕಾರಣ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಬದಲು ಅವರು ಮೊದಲೇ ತಡೆದು ನಿಂತರು.

ನಮ್ಮ ಅಭಿಪ್ರಾಯ ಸ್ಪಷ್ಟ. 2ಜಿಯನ್ನು ಎಂದೆಂದಿಗೂ ಮುಚ್ಚಬಾರದೆಂದು ನಾವು ಹೇಳುವುದಿಲ್ಲ. ಪದವಿನಲ್ಲಿ ಮಾತ್ರವಲ್ಲದೆ ತೋಟದ ತಗ್ಗಿನಲ್ಲಿಯೂ 4ಜಿ ಕರೆ ಕೇಳಿಸುತ್ತದೆಯೇ ಎಂದು ಪಂಚಾಯತುವಾರು ಪರೀಕ್ಷಿಸಿದ ಮೇಲೆಯೇ ಮುಚ್ಚಲಿ. ಹಾಗೆ ತೆರವಾಗುವ 900 ಮೆಗಾಹರ್ಟ್ಸ್ ಅಲೆಯನ್ನು ಅದೇ ಊರಿನ 4ಜಿಗೆ ಕೊಡಲಿ. ಒಂದು ವರ್ಷ ಮೊದಲೇ ಕನ್ನಡದಲ್ಲಿ ತಿಳಿವಳಿಕೆ ನೀಡಲಿ. 999 ರೂಪಾಯಿಯ ಜಿಯೋಭಾರತ್ ಫೋನು 2023ರಲ್ಲಿ ಬಂತು. ಆದರೆ ಅದರಲ್ಲಿ ಅದೇ ಕಂಪನಿಯ ಸಿಮ್ ಮಾತ್ರ ನಡೆಯುತ್ತದೆ. ಯಾವ ಸಿಮ್ ಆದರೂ ನಡೆಯುವ ಅಗ್ಗದ ಫೋನು ಬೇಕು. ಮಾತು ಮತ್ತು ಎಸ್ಸೆಮ್ಮೆಸ್‌ಗೆ ಮಾತ್ರ ಸೀಮಿತವಾದ ರೀಚಾರ್ಜನ್ನು ಕಂಪನಿಗಳು ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ವಿಧಿಸಿತು. ಬರಿಯ ಮಾತಿಗೂ ಬೆಲೆಯುಂಟೆಂದು ಒಪ್ಪಿದ ಮೇಲೆ ಆ ಮಾತಿನ ದಾರಿಯನ್ನೂ ಕಾಯಬೇಕಲ್ಲವೇ?

ರೈತರು ಕೂಡ ಸುಮ್ಮನೆ ಕುಳಿತಿರಬಾರದು. ಹೊಸ ಫೋನು ಕೊಳ್ಳುವಾಗ ಪೆಟ್ಟಿಗೆಯ ಮೇಲೆ 4ಜಿ ಎಂದಿದ್ದರೆ ಸಾಲದು, ವಿಓಎಲ್‌ಟಿಇ ಎಂದೂ ಇದೆಯೇ ನೋಡಿರಿ. 4ಜಿಯಲ್ಲಿಯೇ ಮಾತನಾಡಲು ಅದು ಅಗತ್ಯ. ಸಿಮ್ ಹಳೆಯದಾಗಿದ್ದರೆ 4ಜಿ ಸಿಮ್‌ಗೆ ಬದಲಿಸಿಕೊಳ್ಳಿರಿ. 2ಜಿ ಮಾತ್ರ ಇರುವ ಸ್ಟಾರ್ಟರನ್ನು ಇನ್ನು ಮುಂದೆ ಕೊಳ್ಳಬೇಡಿರಿ. ತೋಟದ ಮೂಲೆಮೂಲೆಯಲ್ಲಿ ನಿಂತು ಕರೆ ಮಾಡಿ ನೋಡಿರಿ. ಎಲ್ಲಿ ಕರೆ ಹೋಗುವುದಿಲ್ಲವೆಂದು ಬರೆದಿಟ್ಟು, ಗ್ರಾಮಸಭೆಯಲ್ಲಿ ಲಿಖಿತವಾಗಿ ಕೊಡಿರಿ. ರೇಂಜ್ ಇಲ್ಲವೆಂದು ನಾವು ಇಂದೇ ಹೇಳದಿದ್ದರೆ, ನಾಳೆ ಹೇಳಲು ಫೋನೇ ಇರಲಾರದು.