ಗುಜರಿಗೆ ಹಾಕುವ ಮುನ್ನ ಎಂಜಿನ್ ಬಿಚ್ಚಿ ನೋಡಿ

ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ತಂಬಾಕು ಬ್ಯಾರನ್ನಿನ ಪಕ್ಕದಲ್ಲೋ, ಕೆ.ಆರ್. ನಗರದ ಕಡೆ ಭತ್ತದ ಮೂಟೆ ಪೇರಿಸಿದ ಕೊಟ್ಟಿಗೆಯ ಮೂಲೆಯಲ್ಲೋ ಹಳೆಯ ಜಾವಾ ಇಲ್ಲವೇ ಯೆಜ್ಡಿ ಬೈಕೊಂದು ಗೋಣಿಚೀಲ ಹೊದ್ದು ನಿಂತಿರುವುದುಂಟು. ಅಪ್ಪನೋ ತಾತನೋ ಓಡಿಸಿದ ಗಾಡಿ. ಟೈರು ನೆಲಕ್ಕೆ ಕೂತಿರುತ್ತದೆ, ಟ್ಯಾಂಕಿನೊಳಗೆ ತುಕ್ಕು ಹಿಡಿದಿರುತ್ತದೆ, ಕಿಕ್ಕರ್ ತುಳಿದರೆ ಕೆಳಗಿಳಿಯುವುದಿಲ್ಲ. ಗುಜರಿಯವನು ಊರಿಗೆ ಬಂದಾಗ ಮನೆಯವರು ಹೇಳುವುದು ಒಂದೇ ಮಾತು: ‘ಸುಮ್ನೆ ಜಾಗ ತಿನ್ಕಂಡು ಬಿದ್ದದೆ, ತಕ್ಕಂಡೋಗಪ್ಪ.’

ಹೀಗೆ ಕೆ.ಜಿ. ಲೆಕ್ಕದಲ್ಲಿ ತೂಗಿ ಹೋಗುವುದು ಬರೀ ಕಬ್ಬಿಣವಾಗಿದ್ದರೆ ಚಿಂತೆ ಇರಲಿಲ್ಲ. ಅದರ ಜೊತೆಗೆ ಮೈಸೂರು ಸೀಮೆ ನಾಲ್ಕು ದಶಕ ಬೆಳೆಸಿಕೊಂಡ ಕಸುಬೂ ಹೋಗುತ್ತಿದೆ.

ಆ ಕಸುಬು ಇಲ್ಲಿ ಬೇರೂರಿದ್ದಕ್ಕೆ ಕಾರಣವಿದೆ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರು ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಸ್ಥಾಪಿಸಿದರು. ಯಾದವಗಿರಿಯ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಎಪ್ಪತ್ತರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಅಷ್ಟರೊಳಗೆ ಅಲ್ಲಿ ದುಡಿದವರು, ಅವರ ಬಳಿ ಕೆಲಸ ಕಲಿತ ಮೆಕ್ಯಾನಿಕ್‌ಗಳು, ಬೋರ್ ಮಾಡುವ ಲೇತ್ ಅಂಗಡಿಗಳು, ಬಿಡಿಭಾಗದ ವ್ಯಾಪಾರಿಗಳು ಎಂದು ದೊಡ್ಡದೊಂದು ಬಳಗವೇ ಬೆಳೆದಿತ್ತು. ಕಾರ್ಖಾನೆಯಿಂದ ಸುಮಾರು 45 ಕಿ.ಮೀ. ದೂರದ ಹುಣಸೂರಿನ ರೈತನಿಗೆ ಪಿಸ್ಟನ್ನೋ ಕ್ಲಚ್ ಪ್ಲೇಟೋ ಬೇಕಾದರೆ ಬೆಳಗಿನ ಬಸ್ಸು ಹತ್ತಿ ಮಧ್ಯಾಹ್ನಕ್ಕೆ ವಾಪಸ್ ಬರಬಹುದಿತ್ತು.

ಇನ್ನೊಂದು ಕಾರಣ ಎಂಜಿನ್ನಿನಲ್ಲೇ ಇದೆ. ಹಳೆಯ ಜಾವಾ, ಯೆಜ್ಡಿ 250 ಸಿಸಿ ಗಾಡಿಗಳದ್ದು ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್. ಅದರಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ, ಆಯಿಲ್ ಪಂಪೂ ಇಲ್ಲ. ಪೆಟ್ರೋಲಿಗೇ ಆಯಿಲ್ ಬೆರೆಸಿದರಾಯಿತು. ಹಳೆಯ ಜಾವಾಕ್ಕೆ ಸುಮಾರು 25 ಭಾಗ ಪೆಟ್ರೋಲಿಗೆ 1 ಭಾಗ. ಕಿಕ್ಕರೂ ಗೇರ್ ಲಿವರೂ ಒಂದೇ. ಸ್ಪ್ಯಾನರ್ ಸೆಟ್, ಮ್ಯಾಗ್ನೆಟ್ ಪುಲ್ಲರ್, ಫೀಲರ್ ಗೇಜ್ ಮತ್ತು ತಾಳ್ಮೆ ಇದ್ದವರು ಇದನ್ನು ಮನೆಯ ಜಗಲಿಯಲ್ಲೇ ಬಿಚ್ಚಬಹುದು.

ಎಂಜಿನ್ ಜಾಮ್ ಆಗಿದ್ದರೆ ಕಿಕ್ಕರ್ ಮೇಲೆ ಹತ್ತಿ ತುಳಿಯಬಾರದು. ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ಲೋ ತೆಳು ಎಣ್ಣೆಯೋ ಬಿಟ್ಟು ಕೆಲವು ದಿನ ನೆನೆಯಲು ಬಿಡಬೇಕು. ತುಕ್ಕು ಸಡಿಲವಾದ ಮೇಲೆ ಹೆಡ್ ಇಳಿಸಿ ಸಿಲಿಂಡರನ್ನು ನಿಧಾನಕ್ಕೆ ಮೇಲೆತ್ತಿದರೆ ಪಿಸ್ಟನ್ ಕಾಣುತ್ತದೆ. ತಲೆಯ ಮೇಲೆ ಕಪ್ಪಗೆ ಗಟ್ಟಿಯಾದ ಕಾರ್ಬನ್, ಪಕ್ಕದಲ್ಲಿ ಉದ್ದುದ್ದ ಗೀರು, ಅಲುಗಾಡದೆ ಅಂಟಿಕೊಂಡ ರಿಂಗು. ಸಿಲಿಂಡರಿನ ಒಳಗೋಡೆಯ ಮೇಲೆ ಉಗುರು ಎಳೆದಾಗ ಗೀರು ಉಗುರಿಗೆ ತಡೆದರೆ ಬೋರ್ ಮಾಡಿಸಿ ಒಂದು ಸೈಜು ದೊಡ್ಡ ಪಿಸ್ಟನ್ ಹಾಕಬೇಕು. ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದಾಗ ಟಕ್ ಟಕ್ ಎಂದು ಆಡಿದರೆ ಬಿಗ್ ಎಂಡ್ ಬೇರಿಂಗ್ ಹೋಗಿದೆ ಎಂದರ್ಥ. ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ಪಿನ್ ಕೂರಿಸಿ, ಡಯಲ್ ಗೇಜಿನಲ್ಲಿ ಓಟ ನೋಡಿ ನೇರ ಮಾಡುವುದು ಮಾತ್ರ ನುರಿತ ಕೈಯ ಕೆಲಸ.

ಎಷ್ಟೋ ಜನ ಎಡವುವುದು ಆಯಿಲ್ ಸೀಲಿನಲ್ಲಿ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿಳಿಯುವಾಗ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಹುಟ್ಟಿ, ಪೆಟ್ರೋಲು ಗಾಳಿಯ ಮಿಶ್ರಣ ಸಿಲಿಂಡರಿಗೆ ಏರಬೇಕು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ರಬ್ಬರ್ ಸೀಲು ಒಣಗಿ ಬಿರಿದಿರುತ್ತದೆ. ಒಂದು ಬದಿಯ ಸೀಲು ಹೋದರೆ ಗೇರ್ ಆಯಿಲ್ ಒಳಸೇರಿ ಸೈಲೆನ್ಸರ್ ಹೊಗೆ ಉಗುಳುತ್ತದೆ. ಇನ್ನೊಂದು ಬದಿಯದ್ದು ಹೋದರೆ ಹೊರಗಿನ ಗಾಳಿ ನುಗ್ಗಿ, ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಬಿಡಿಭಾಗಗಳಲ್ಲೇ ಅಗ್ಗವಾದ ಈ ಸೀಲು ಬದಲಿಸದೆ ಪೇಂಟು, ಕ್ರೋಮಿಗೆ ಸಾವಿರಾರು ರೂಪಾಯಿ ಸುರಿದರೆ ಗಾಡಿ ಫೋಟೋಗಷ್ಟೇ ಚೆನ್ನ.

ಇದೇ ಜಾತಿಯ ಎಂಜಿನ್ ನೀರಿನ ಮೇಲೂ ಓಡಿದೆ. ಎಚ್.ಡಿ. ಕೋಟೆಯ ಕಾರಾಪುರದಿಂದ ಕಬಿನಿ ಹಿನ್ನೀರಿನಲ್ಲಿ ಬೋಟ್ ಸಫಾರಿಗೆ ಹೋದವರು ದೋಣಿಯ ಹಿಂಬದಿಗೆ ತಗುಲಿಸಿದ ಮೋಟಾರನ್ನು ನೋಡಿರುತ್ತಾರೆ. ಅಮೆರಿಕದಲ್ಲಿ ಅಂಥ ಮೋಟಾರನ್ನು ಜನಪ್ರಿಯಗೊಳಿಸಿದವನು ಓಲೆ ಎವಿನ್‌ರೂಡ್. 1909ರಲ್ಲಿ ಅವನು ಮಾರಾಟಕ್ಕಿಟ್ಟದ್ದೂ ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್ನೇ. ಅವನ ಹೆಸರಿನ ಮೋಟಾರುಗಳ ತಯಾರಿಕೆ 2020ರಲ್ಲಿ ನಿಂತಿತು. ಆದರೂ ಅಲ್ಲಿನ ಹವ್ಯಾಸಿಗಳು ಅರ್ಧ ಶತಮಾನ ಹಳೆಯ ಎವಿನ್‌ರೂಡ್‌ಗಳನ್ನು ಮನೆಯ ಗ್ಯಾರೇಜಿನಲ್ಲಿ ಬಿಚ್ಚಿ, ಪಾಯಿಂಟು, ಕಂಡೆನ್ಸರು, ನೀರೆತ್ತುವ ಪಂಪಿನ ರಬ್ಬರ್ ಚಕ್ರ ಬದಲಿಸಿ ಮತ್ತೆ ಕೆರೆಗಿಳಿಸುತ್ತಾರೆ. ಕಂಪನಿ ಮುಚ್ಚಿದ ಮೇಲೂ ಯಂತ್ರ ಬದುಕಬಲ್ಲದು ಎಂಬುದಕ್ಕೆ ಯಾದವಗಿರಿಯ ಗಾಡಿಗಳೇ ನಮ್ಮಲ್ಲಿನ ಸಾಕ್ಷಿ. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನದಂದು ಅವು ಸಾಲಾಗಿ ರಸ್ತೆಗಿಳಿಯುತ್ತವೆ.

ಆದರೆ ಕಾನೂನಿನ ಲೆಕ್ಕದಲ್ಲಿ ಇವು ಅತ್ತಲೂ ಇಲ್ಲ, ಇತ್ತಲೂ ಇಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ ‘ವಿಂಟೇಜ್’ ಎನಿಸಿಕೊಳ್ಳಲು ವಾಹನಕ್ಕೆ 50 ವರ್ಷ ತುಂಬಿರಬೇಕು. ಹೊಸದಾಗಿ ಆ ನೋಂದಣಿ ಮಾಡಿಸಲು ಶುಲ್ಕ 20,000 ರೂಪಾಯಿ. ಅಷ್ಟು ಕೊಟ್ಟರೂ ಪ್ರದರ್ಶನ, ರ್‍ಯಾಲಿಯಂಥ ಉದ್ದೇಶಗಳಿಗೆ ಬಿಟ್ಟರೆ ದಿನನಿತ್ಯ ಓಡಿಸುವಂತಿಲ್ಲ. 1978ರ ರೋಡ್‌ಕಿಂಗ್‌ಗೆ 50 ತುಂಬುವುದು 2028ರಲ್ಲಿ. ಅಲ್ಲಿಯವರೆಗೆ ಅದು ಬರೀ ‘ಹಳೆ ಗಾಡಿ’. ಹಳೆ ಬೈಕಿನ ನೋಂದಣಿ ನವೀಕರಣಕ್ಕೆ 300 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ 1,000 ಆಯಿತು. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 2,000 ಆಯಿತು. ಅದೇ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ‘ರಿಪೇರಿ ಹಕ್ಕು’ ಎಂದು ಪೋರ್ಟಲ್ ತೆರೆದು, ವಾಹನಗಳನ್ನೂ ಅದರಲ್ಲಿ ಸೇರಿಸಿದೆ. ಒಂದು ಕಡೆ ರಿಪೇರಿ ಮಾಡಿಸಿ ಎನ್ನುವುದು, ಇನ್ನೊಂದು ಕಡೆ ರಿಪೇರಿಯಾದ ಗಾಡಿಯನ್ನು ಇಟ್ಟುಕೊಂಡವರ ಮೇಲೆ ಹೊರೆ ಏರಿಸುತ್ತಾ ಹೋಗುವುದು ಸರಿಯಲ್ಲ.

ಹೊಗೆಯ ಮಾತು ಬಂದೇ ಬರುತ್ತದೆ, ಬರಬೇಕಾದದ್ದೇ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಸ್ವಲ್ಪ ಪೆಟ್ರೋಲು ಉರಿಯದೆಯೇ ಹೊರಹೋಗುತ್ತದೆ. ಹೊಸ ಗಾಡಿಗಳಿಗೆ ಇದು ಬೇಡ ಎಂದು ನಿಯಮ ಬಿಗಿಯಾದದ್ದು ಸರಿಯೇ. ಊರಿನವರೆಲ್ಲ ಮತ್ತೆ ಯೆಜ್ಡಿ ಹತ್ತಲಿ ಎಂದು ಯಾರೂ ಕೇಳುತ್ತಿಲ್ಲ. ಸೀಲು, ರಿಂಗು, ಕಾರ್ಬುರೇಟರ್ ಸರಿಯಿರುವ, ಆಯಿಲ್ ಅಳತೆ ತಪ್ಪದ, ಹಬ್ಬಕ್ಕೋ ಸಂತೆಗೋ ಹೊರಬರುವ ಗಾಡಿಯೊಂದಕ್ಕೆ ಹೊಗೆ ತಪಾಸಣೆಯ ಕಟ್ಟುನಿಟ್ಟು ಇರಲಿ, ಬದುಕುವ ಅವಕಾಶವೂ ಇರಲಿ ಎಂಬುದಷ್ಟೇ ಬೇಡಿಕೆ.

ಮಾಡಬೇಕಾದ ಕೆಲಸ ಸಣ್ಣದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಮೆಕ್ಯಾನಿಕ್ ಕೋರ್ಸು ನಡೆಸುವ ಐಟಿಐಗಳು ಹಳೆಯ ಯೆಜ್ಡಿ ಎಂಜಿನ್ನೊಂದನ್ನು ತರಿಸಿ, ವಿದ್ಯಾರ್ಥಿಗಳ ಕೈಯಲ್ಲಿ ಪೂರ್ತಿ ಬಿಚ್ಚಿಸಿ ಕಟ್ಟಿಸಲಿ. ಕಂಪ್ಯೂಟರ್ ಹೇಳಿದ ಕೋಡ್ ಓದಿ ಭಾಗ ಬದಲಿಸುವುದನ್ನು ಕಲಿಯುವ ಹುಡುಗನಿಗೆ, ಕಿವಿ ಮತ್ತು ಬೆರಳಿನಿಂದ ದೋಷ ಹಿಡಿಯುವುದೂ ತಿಳಿದಿರಲಿ. ಕಾರ್ಖಾನೆ ಮುಚ್ಚಿದಾಗ ಮೂವತ್ತರ ಹರೆಯದಲ್ಲಿದ್ದ ಕೆಲಸಗಾರರಿಗೆ ಈಗ ಅರವತ್ತು ದಾಟಿದೆ. ಅವರನ್ನು ಅತಿಥಿ ಶಿಕ್ಷಕರಾಗಿ ಕರೆಯಲು ಇದು ಕೊನೆಯ ಅವಕಾಶ. ಸರ್ಕಾರ 30 ವರ್ಷ ದಾಟಿದ, ಮೂಲ ರೂಪದಲ್ಲಿರುವ ಬೈಕುಗಳಿಗೆ ಕಡಿಮೆ ಶುಲ್ಕದ ಪ್ರತ್ಯೇಕ ವರ್ಗ ಮಾಡಲಿ.

ಮನೆಯವರಲ್ಲೂ ಒಂದು ವಿನಂತಿ. ಗುಜರಿಯವನಿಗೆ ಕೂಗು ಹಾಕುವ ಮೊದಲು ಗಾಡಿಯ ಆರ್‌ಸಿ ಎಲ್ಲಿದೆ ಎಂದು ಹುಡುಕಿ. ಪ್ಲಗ್ ಬಿಚ್ಚಿ ಎರಡು ಚಮಚ ಎಣ್ಣೆ ಬಿಡಿ. ಊರಿನ ಹಳೇ ಮೆಕ್ಯಾನಿಕ್ಕನ್ನು ಒಮ್ಮೆ ಕರೆಸಿ. ಅವರು ಎಂಜಿನ್ ಬಿಚ್ಚುವಾಗ ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ.